ಗಾಳಿಪದವಿನ ಕನ್ನಡಿ

ಬಜಗೋಳಿಯಲ್ಲಿ ರಸ್ತೆ ಕವಲೊಡೆಯುವಲ್ಲಿ ಸರ್ವೋತ್ತಮನ ಹೋಟೆಲು. ಅದರ ಬಾಗಿಲ ಪಕ್ಕದ ಬೆಂಚು ಕಿಟ್ಟನದು. ಯಾರೂ ಬರೆದುಕೊಟ್ಟದ್ದಲ್ಲ. ಆದರೆ ಕಾರ್ಕಳದ ಬಸ್ಸಿನಿಂದ ಇಳಿದ ಪರವೂರಿನವರು ಗೊತ್ತಿಲ್ಲದೆ ಅಲ್ಲಿ ಕುಳಿತರೆ ಒಳಗಿನಿಂದ ಯಾರಾದರೂ ಒಬ್ಬರು, "ಸ್ವಲ್ಪ ಆಚೆ ಸರಿಯಿರಿ, ಕನ್ನಡಿ ಬರುವ ಹೊತ್ತಾಯಿತು" ಎನ್ನುತ್ತಿದ್ದರು. ಪರವೂರಿನವರು ಕನ್ನಡಿ ಎಲ್ಲಿಂದ ಬರುತ್ತದೆಂದು ರಸ್ತೆಯತ್ತ ನೋಡುತ್ತಿದ್ದರು. ಬರುತ್ತಿದ್ದದ್ದು ಮಗಳು ಚಂಪಾಳ ಹೆಗಲ ಮೇಲೆ ಕೈಯಿಟ್ಟುಕೊಂಡ ಒಬ್ಬ ಎತ್ತರದ ಮುದುಕ.

ಕಿಟ್ಟನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಹಗಲು ಹಗಲೆಂದು ತಿಳಿಯುತ್ತಿತ್ತು, ಅಷ್ಟೆ. ಪೊರೆ ತೆಗೆಸಲು ಚಂಪಾ ಒಮ್ಮೆ ಉಡುಪಿಗೆ ಹೊರಡಿಸಿದ್ದಳು. ಅವನು ಕಾರ್ಕಳದಲ್ಲೇ ಬಸ್ಸಿನಿಂದ ಇಳಿದು, "ಕಣ್ಣಿಗೆ ಚಾಕು ಹಾಕಿಸಿಕೊಂಡು ನೋಡುವಂಥದ್ದು ಎಂತ ಉಂಟು ಈಗ?" ಎಂದು ತಿರುಗಿ ಬಂದಿದ್ದ. ನಿಜವಾಗಿ ಅವನು ನೋಡಬೇಕೆಂದುಕೊಂಡದ್ದು ಒಂದೇ ಒಂದು. ಅದರ ಕಥೆಯನ್ನು ಅವನು ಬೆಂಚಿನ ಮೇಲೆ ಕುಳಿತು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ.

ಮೂಡಲಿಗೆ ಕಾಡು ಹತ್ತಿ ಹೋದರೆ ಗಾಳಿಪದವು. ಬೆಟ್ಟದ ನೆತ್ತಿಯಲ್ಲಿ ಮುಳಿಹುಲ್ಲಿನ ಬಯಲು, ಬಯಲಿನ ಅಂಚಿಗೆ ದೊರೆಗಳ ಕಾಲದ ಬಂಗಲೆ. ಬೇಸಿಗೆಗೆ ಮಂಗಳೂರಿನ ಸೆಕೆ ತಾಳದ ದೊರೆಗಳು ಅಲ್ಲಿಗೆ ಹೋಗುತ್ತಿದ್ದರು. ನಡೆದು ಹೋಗುತ್ತಿರಲಿಲ್ಲ. ಬಿದಿರಿಗೆ ತೂಗುಹಾಕಿದ ಮಂಚಿಲಿನಲ್ಲಿ ಮಲಗಿಕೊಂಡು ಹೋಗುತ್ತಿದ್ದರು. ಆ ಮಂಚಿಲನ್ನು ಹೊರುತ್ತಿದ್ದವರಲ್ಲಿ ಕಿಟ್ಟನೂ ಒಬ್ಬ. ಒಂದು ವರ್ಷ ದೊರೆಸಾನಿಗೆ ಆಳೆತ್ತರದ ನಿಲುವುಗನ್ನಡಿ ಬೇಕಾಯಿತು. ಅದು ಹಡಗಿನಲ್ಲಿ ಬಂತು, ಗಾಡಿಯಲ್ಲಿ ಬಂತು, ಬೆಟ್ಟದ ಬುಡದಿಂದ ನಾಲ್ವರ ಹೆಗಲ ಮೇಲೆ ಹೋಯಿತು. ಎರಡು ಬಿದಿರಿನ ನಡುವೆ, ಹುಲ್ಲು, ಚಾಪೆ, ಗೋಣಿ ಸುತ್ತಿಸಿಕೊಂಡು. ಬಲಮಗ್ಗುಲಲ್ಲಿ ಮುಂದೆ ಚಂದು, ಹಿಂದೆ ಕಿಟ್ಟ.

"ಒಂದು ಗೀರು ಇಲ್ಲ. ಒಂದು ಕೂದಲಿನಷ್ಟು ಬಿರುಕು ಇಲ್ಲ," ಎಂದು ಕಿಟ್ಟ ಗಾಳಿಯಲ್ಲಿ ಕೈ ಒರೆಸುತ್ತಿದ್ದ. "ಬಂಗಲೆಯ ದೊಡ್ಡ ಹಾಲಿನಲ್ಲಿ ಪಡುವಣಕ್ಕೆ ಮುಖ ಮಾಡಿ ನಿಲ್ಲಿಸಿದ್ದಾರೆ. ಸಂಜೆ ಅದರೊಳಗೆ ಕಾಪುವಿನ ಸಮುದ್ರ ಕಾಣುತ್ತದೆ. ದೀಪಸ್ತಂಭದ ದೀಪ ಕಾಣುತ್ತದೆ. ಅದರ ಮೂಲೆಯಲ್ಲಿ ಮರದಲ್ಲಿ ಕೆತ್ತಿದ ನೇರಳೆಹಣ್ಣಿನ ಗೊಂಚಲು ಉಂಟು. ಗೋಣಿ ದಾಟಿ ಇಲ್ಲಿ ಕಚ್ಚುತ್ತಿತ್ತು, ಇಲ್ಲಿ!" ಎಂದು ಬಲಹೆಗಲಿನ ಬಟ್ಟೆ ಸರಿಸುತ್ತಿದ್ದ.

"ಏನು ಕಿಟ್ಟಣ್ಣ, ಇವತ್ತು ಕನ್ನಡಿ ಎಷ್ಟು ಉದ್ದ?" ಸರ್ವೋತ್ತಮ ಎಣ್ಣೆಯಿಂದ ಗೋಳಿಬಜೆ ಎತ್ತುತ್ತ ಕೇಳುತ್ತಿದ್ದ. "ನಿನ್ನೆ ಬಾಗಿಲಷ್ಟಿತ್ತು."

"ನಿನ್ನ ನಾಲಗೆಗಿಂತ ಸ್ವಲ್ಪ ಗಿಡ್ಡ ಮಾರಾಯ."

"ಅಲ್ಲ, ಯಾವ ದೊರೆ ಕನ್ನಡಿಗೆ ನೇರಳೆಹಣ್ಣು ಕೆತ್ತಿಸುತ್ತಾನೆ? ಒಂದು ಹಲಸಿನ ಹಣ್ಣು ಕೆತ್ತಿಸಬಾರದಿತ್ತಾ? ನಿಮ್ಮ ಹೆಗಲಿಗೆ ಸರಿಯಾಗುತ್ತಿತ್ತು."

ಹೋಟೆಲು ನಗುತ್ತಿತ್ತು. ಕಿಟ್ಟನೂ ನಗುತ್ತಿದ್ದ. ಎದುರಿನ ಮನೆಯ ಜಗಲಿಯಲ್ಲಿ ಬೀಡಿ ಕಟ್ಟುತ್ತ ಕುಳಿತ ಚಂಪಾ ಮಾತ್ರ ನಗುತ್ತಿರಲಿಲ್ಲ. ತಂದೆಯ ನಗು ಇತರರ ನಗುವಿಗಿಂತ ಒಂದು ಗಳಿಗೆ ತಡವಾಗಿ ಶುರುವಾಗಿ ಒಂದು ಗಳಿಗೆ ಬೇಗ ಮುಗಿಯುತ್ತದೆಂದು ಅವಳಿಗೆ ಅಲ್ಲಿಂದಲೇ ಕೇಳಿಸುತ್ತಿತ್ತು. ಚಂದು ಸತ್ತು ಬಹಳ ಕಾಲವಾಗಿತ್ತು. ಉಳಿದ ಇಬ್ಬರೂ ಇರಲಿಲ್ಲ. ಅವಳ ತಾಯಿ ಅಪ್ಪಿಯೊಬ್ಬಳು "ಹೌದು, ಅವತ್ತು ಹೆಗಲಿಗೆ ನಾನೇ ಎಣ್ಣೆ ಹಚ್ಚಿದ್ದು" ಎನ್ನುವವಳಿದ್ದಳು, ಅವಳೂ ಹೋಗಿದ್ದಳು. ಕಿಟ್ಟನ ಮಾತಿಗೆ ಈಗ ಕಿಟ್ಟನೊಬ್ಬನೇ ಸಾಕ್ಷಿ. ಅವನಿಗೋ ಕಣ್ಣಿಲ್ಲ.

ಅರವತ್ತೊಂದನೆಯ ಇಸವಿಯ ಮಳೆಗಾಲ ಕಳೆದ ಮೇಲೆ ಕವಲಿನಲ್ಲಿ ಒಂದು ಹಸಿರು ಬೋರ್ಡು ಬಂತು. ಸರ್ವೋತ್ತಮ ಕೈಯಲ್ಲಿ ಸಟ್ಟುಗ ಹಿಡಿದುಕೊಂಡೇ ಹೊರಗೆ ಬಂದು ಜೋರಾಗಿ ಓದಿದ: "ಗಾಳಿಪದವು ರಾಜ್ಯ ವನಧಾಮ. ಪ್ರಾಚೀನ ಬಂಗಲೆ. ಸಾರ್ವಜನಿಕರಿಗೆ ಪ್ರವೇಶವಿದೆ."

"ಸಾರ್ವಜನಿಕರು ಅಂದರೆ?" ಎಂದು ಬೆಂಚಿನಿಂದ ಕಿಟ್ಟ ಕೇಳಿದ.

"ನಾನು, ನೀವು, ಈ ನಾಯಿ."

"ಬಂಗಲೆಯ ಒಳಗೆ?"

"ಒಳಗೇ. ನಾವೀಗ ಮೈಸೂರು ರಾಜ್ಯದವರಲ್ವಾ. ದೊರೆಗಳು ಹೋದರು, ಬಾಗಿಲು ತೆರೆಯಿತು." ಸರ್ವೋತ್ತಮ ಸಟ್ಟುಗದಿಂದ ಬೆಟ್ಟ ತೋರಿಸಿದ. "ಹೋಗುವ ಕಿಟ್ಟಣ್ಣ. ನಿಮ್ಮ ಕನ್ನಡಿಯಲ್ಲಿ ನನ್ನ ಹೊಟ್ಟೆ ನೋಡಿಕೊಂಡು ಬರುತ್ತೇನೆ. ಕನ್ನಡಿ ಇದ್ದರೆ ಇನ್ನು ಮುಂದೆ ನಿಮ್ಮ ಮಾತಿನ ನಡುವೆ ನಾನು ಬಾಯಿ ಹಾಕುವುದಿಲ್ಲ. ಇಲ್ಲದಿದ್ದರೆ?"

ಕಿಟ್ಟ ಎಲ್ಲರಿಗೂ ಕೇಳುವಂತೆ ಹೇಳಿದ: "ಇಲ್ಲದಿದ್ದರೆ ಈ ಹೋಟೆಲಿನಲ್ಲಿ ಕಿಟ್ಟ ಬಾಯಿ ತೆರೆಯುವುದು ಚಾ ಕುಡಿಯಲಿಕ್ಕೆ ಮಾತ್ರ."

ಜಗಲಿಯಲ್ಲಿ ಚಂಪಾಳ ಕೈಯಲ್ಲಿದ್ದ ಎಲೆ ಹರಿಯಿತು. ಮಾತು ಬಿಟ್ಟರೆ ತಂದೆಯ ಬಳಿ ಉಳಿಯುವುದು ಆ ಬೆಂಚು ಒಂದೇ ಎಂದು ಅವಳಿಗೆ ಗೊತ್ತಿತ್ತು. ಸಂಜೆ ಜಗಳವಾಡಿದಳು. "ದಾರಿ ಕಾಡಿನಲ್ಲಿ ಉಂಟು, ಗಾಡಿ ಹೋಗುವುದಿಲ್ಲ. ಕಣ್ಣು ಕಾಣದೆ ಹೇಗೆ ಹತ್ತುತ್ತೀರಿ?"

"ಆ ದಾರಿಯನ್ನು ನಾನು ಯಾವತ್ತು ಕಣ್ಣಿನಿಂದ ಹತ್ತಿದ್ದೇನೆ?" ಎಂದ ಕಿಟ್ಟ. "ನಾನು ಹಿಂದಿನವನಲ್ವಾ."

ಅದು ನಿಜವಾಗಿತ್ತು. ಮಂಚಿಲು ಹೊರುವವರಲ್ಲಿ ಹಿಂದಿನವನಿಗೆ ದಾರಿ ಕಾಣುವುದಿಲ್ಲ. ಹೊರೆ ಕಾಣುತ್ತದೆ, ಮುಂದಿನವನ ಬೆನ್ನು ಕಾಣುತ್ತದೆ. ಮುಂದಿನವನು ಕಂಡದ್ದನ್ನು ಕರೆಯಬೇಕು: "ಕಲ್ಲು ಬಲ." "ಬೇರು ಅಡ್ಡ." "ಜಾರು." ಹಿಂದಿನವನು "ಹೂಂ" ಅನ್ನಬೇಕು. ಹೂಂ ಬರದಿದ್ದರೆ ಮುಂದಿನವನು ನಿಲ್ಲಬೇಕು. ಇನ್ನೊಂದು ಕಟ್ಟುಪಾಡು ಇತ್ತು, ಅದು ಎಲ್ಲಕ್ಕಿಂತ ದೊಡ್ಡದು. ಮುಂದಿನವನು ಇಲ್ಲದ್ದನ್ನು ಕರೆಯಬಾರದು. ತಮಾಷೆಗೂ ಕರೆಯಬಾರದು. ತಮಾಷೆಗೆ "ಹಾವು" ಎಂದು ಕರೆದ ಒಬ್ಬನನ್ನು ಆಮೇಲೆ ಯಾರೂ ಯಾವ ಹೊರೆಗೂ ಕೂಡಿಸಿಕೊಳ್ಳಲಿಲ್ಲವಂತೆ. ಚಂಪಾ ಹುಡುಗಿಯಾಗಿದ್ದಾಗ ತಂದೆಯ ಜೊತೆ ಕಾಡಿನಿಂದ ಸೌದೆ ಕಟ್ಟಿದ ಬಿದಿರು ಹೊತ್ತು ತರುವಾಗ ಅವಳನ್ನೇ ಮುಂದೆ ಹಾಕಿ ಕರೆಯಲು ಕಲಿಸಿದ್ದ. ಅವನ ಕಣ್ಣು ಹೋದ ಮೇಲೆ ಇಬ್ಬರೂ ಏನೂ ಮಾತಾಡಿಕೊಳ್ಳದೆ ಅದೇ ಕರೆಗೆ ಮರಳಿದ್ದರು. ಹೋಟೆಲಿಗೆ ಹೋಗುವಾಗಲೂ "ಚರಂಡಿ" ಎನ್ನುತ್ತಿದ್ದಳು, ಅವನು "ಹೂಂ" ಎನ್ನುತ್ತಿದ್ದ.

ಡಿಸೆಂಬರಿನ ಒಂದು ಬೆಳಿಗ್ಗೆ ಮೂವರೂ ಹೊರಟರು. ಸರ್ವೋತ್ತಮ ಅವಲಕ್ಕಿ ಕಟ್ಟಿಕೊಂಡು ತಲೆಗೆ ಮುಂಡಾಸು ಸುತ್ತಿದ್ದ. ಬೆಟ್ಟದ ಬುಡದಲ್ಲಿ ಹರಿಯುವ ತೋಡು ದಾಟುವವರೆಗೆ ಅವನ ಬಾಯಿಗೆ ಬಿಡುವಿರಲಿಲ್ಲ. ತೋಡು ದಾಟಿ ಏರು ಹಿಡಿದ ಮೇಲೆ ಅವನ ಉಸಿರು ಮಾತ್ರ ಕೇಳಿಸತೊಡಗಿತು.

ಚಂಪಾ ಮುಂದೆ, ಅವಳ ಬಲಹೆಗಲ ಮೇಲೆ ಕೈಯಿಟ್ಟು ಕಿಟ್ಟ ಹಿಂದೆ.

"ಮೆಟ್ಟು."

"ಹೂಂ."

"ಬೇರು ಅಡ್ಡ. ಎರಡು."

"ಹೂಂ."

ಮೊದಮೊದಲು ಅವನ ಕೈ ಅವಳ ಹೆಗಲನ್ನು ಬಿಗಿಯಾಗಿ ಹಿಡಿದಿತ್ತು. ಏರು ಹೆಚ್ಚಿದಂತೆ ಹಿಡಿತ ಸಡಿಲವಾಯಿತು. ಕಡೆಗೆ ಎರಡು ಬೆರಳು ಮಾತ್ರ ತಾಗಿದ್ದವು. ಊರಿನ ಸಮತಟ್ಟಾದ ರಸ್ತೆಯಲ್ಲಿ ತಡವರಿಸುವ ಕಾಲು ಇಲ್ಲಿ ತನ್ನ ಲೆಕ್ಕ ತಾನೇ ಹಾಕಿಕೊಂಡು ಏರುತ್ತಿತ್ತು. ಅವಳು ಒಮ್ಮೆ ಕದ್ದು ತಿರುಗಿ ನೋಡಿದಳು. ತಂದೆಯ ಕತ್ತು ನೆಟ್ಟಗಿತ್ತು, ಬಲಹೆಗಲು ಇಲ್ಲದ ಹೊರೆಗೆ ತುಸು ತಗ್ಗಿತ್ತು. ಇವನನ್ನು ದಿನಾ ಕೈಹಿಡಿದು ಬೆಂಚಿಗೆ ಮುಟ್ಟಿಸುವವಳು ನಾನೇನಾ ಎಂದು ಅವಳಿಗೆ ಅನುಮಾನವಾಯಿತು. ಎದೆಯಲ್ಲಿ ಏನೋ ಉಬ್ಬಿ ಬಂತು. ಅದು ಕರೆಯೊಳಗೆ ಸೇರಿಕೊಳ್ಳದಂತೆ ಗಂಟಲು ಸರಿಮಾಡಿಕೊಂಡಳು.

"ನಿಲ್ಲು ಚಂಪಾ," ಕೆಳಗಿನಿಂದ ಸರ್ವೋತ್ತಮ ಕೂಗಿದ. "ಕುರುಡರು ಹೀಗೆ ಓಡಿದರೆ ಕಣ್ಣಿದ್ದವರ ಗತಿ ಎಂತ?"

"ಏರಿನಲ್ಲಿ ಹೊರೆ ಹಿಂದಕ್ಕೆ ಜಾರುತ್ತದೆ," ಎಂದ ಕಿಟ್ಟ, ಅವನನ್ನು ಕಾಯುತ್ತ ನಿಂತು. ಉಬ್ಬಸವಿಲ್ಲದ ದನಿ. "ಎಲ್ಲ ಭಾರ ಹಿಂದಿನವನಿಗೆ. ಹಾಗಾಗಿ ಗಟ್ಟಿ ಆಳನ್ನೇ ಹಿಂದೆ ಹಾಕುವುದು. ಇಳಿತದಲ್ಲಿ ಇದು ತಿರುಗುಮುರುಗು. ಆಗ ಭಾರ ಮುಂದಿನವನಿಗೆ. ನಿನ್ನನ್ನು ಎಲ್ಲಿ ಹಾಕುವುದೋ ಗೊತ್ತಾಗುವುದಿಲ್ಲ ಸರ್ವೋತ್ತಮ."

"ನನ್ನನ್ನು ಮಂಚಿಲಿನ ಒಳಗೆ ಹಾಕಿ."

ಕಾಡು ಮುಗಿದು ಗಾಳಿ ಮುಖಕ್ಕೆ ಹೊಡೆಯಿತು. ಮುಳಿಹುಲ್ಲು ಅಲೆಯಲೆಯಾಗಿ ಮಲಗಿ ಏಳುತ್ತಿತ್ತು. ಅದರಾಚೆ ಮುರಕಲ್ಲಿನ ಗೋಡೆ, ಕಪ್ಪಾದ ಹಂಚು, ಸುತ್ತ ಅಗಲವಾದ ವರಾಂಡ. ಚಂಪಾ ನಿಂತಳು. ಅವಳು ಹುಟ್ಟಿದಂದಿನಿಂದ ಕೇಳಿದ ಬಂಗಲೆ. ಕೇಳಿದ್ದಕ್ಕಿಂತ ಚಿಕ್ಕದು, ಆದರೆ ಇತ್ತು. ಅಷ್ಟಕ್ಕೇ ಅವಳಿಗೆ ಅರ್ಧ ಗೆದ್ದಂತಾಯಿತು.

"ಬಂಗಲೆ," ಎಂದು ಕರೆದಳು.

"ಹೂಂ," ಎಂದ ಕಿಟ್ಟ. ಅವನ ಎರಡು ಬೆರಳು ಮತ್ತೆ ಐದಾದವು.

ಬಂಗಲೆಯನ್ನು ನೋಡಿಕೊಳ್ಳುತ್ತಿದ್ದವನು ಆಂಟನಿ, ಅತ್ತೂರಿನ ಕಡೆಯವನು. ಅರಣ್ಯ ಇಲಾಖೆಯ ಖಾಕಿ ಅಂಗಿ, ಕೊರಳಲ್ಲಿ ಶಿಲುಬೆ. ಅವನ ಹೆಂಡತಿ ಬರ್ತಾ ಹಿಂದಿನ ಅಂಗಳದಲ್ಲಿ ಕೋಳಿಗಳಿಗೆ ಬೈಯುತ್ತಿದ್ದಳು.

"ಬನ್ನಿ ಬನ್ನಿ. ಬೋರ್ಡು ಹಾಕಿದ ಮೇಲೆ ಬಂದವರಲ್ಲಿ ಅಜ್ಜನೇ ಹಿರಿಯರು," ಎಂದು ಆಂಟನಿ ಬೀಗದ ಗೊಂಚಲು ತೆಗೆದ.

"ಪೊರ್ಬುಗಳೇ," ಎಂದ ಕಿಟ್ಟ, ಮಾತಿನ ರಾಗದಿಂದಲೇ ಗುರುತು ಹಿಡಿದು, ಆ ಕಡೆಯ ಕ್ರೈಸ್ತರನ್ನು ಮರ್ಯಾದೆಗೆ ಕರೆಯುವಂತೆ. "ಎದುರಿನ ಬಾಗಿಲು ತೆರೆಯಿರಿ. ಹಿಂದಿನದು ನನಗೆ ಗೊತ್ತುಂಟು."

ಆಂಟನಿ ಎದುರಿನ ಬಾಗಿಲು ತೆರೆದ. ಚಂಪಾ "ಹೊಸ್ತಿಲು" ಎಂದಳು. ಕಿಟ್ಟ ಹೂಂಗುಟ್ಟಿ ದಾಟಿದ. ಒಳಗೆ ತಣ್ಣಗೆ, ಹಳೆಯ ಮರದ ವಾಸನೆ. ಕಿಟಕಿಗಳನ್ನು ಆಂಟನಿ ಒಂದೊಂದಾಗಿ ತೆರೆದಂತೆ ಹಾಲು ಬೆಳಕಾಯಿತು. ಚಂಪಾ ಪಡುವಣ ಗೋಡೆ ನೋಡಿದಳು, ಮೂಡಣ ಗೋಡೆ ನೋಡಿದಳು. ಬೆತ್ತದ ಕುರ್ಚಿಗಳು. ಕಾಡುಕೋಣದ ಕೊಂಬು. ಒಂದು ನಕ್ಷೆ. ಪಕ್ಕದ ಎರಡು ಮಲಗುವ ಕೋಣೆಗಳ ಬಾಗಿಲಿನಿಂದ ಇಣುಕಿದಳು, ಮಂಚ, ಸೊಳ್ಳೆಪರದೆ.

ಸರ್ವೋತ್ತಮ ಏದುಸಿರು ಬಿಡುತ್ತ ಬಂದು ಅವಳ ಪಕ್ಕದಲ್ಲಿ ನಿಂತ. ಅವನ ಕಣ್ಣೂ ಗೋಡೆಯಿಂದ ಗೋಡೆಗೆ ಹೋಯಿತು. ಅವನು ಆಂಟನಿಯನ್ನು ಬದಿಗೆ ಕರೆದು ಪಿಸುಗುಟ್ಟಿದ, ಆಂಟನಿ ತಲೆಯಾಡಿಸಿದ. ತಾನು ಬಂದಂದಿನಿಂದ ಇಲ್ಲಿ ದೊಡ್ಡ ಕನ್ನಡಿ ಇಲ್ಲ, ಕ್ಷೌರ ಮಾಡಿಕೊಳ್ಳುವ ತನ್ನದೊಂದು ಚಿಕ್ಕದು ಉಂಟು, ಅಷ್ಟೆ.

ಕಿಟ್ಟ ಹಾಲಿನ ನಡುವೆ ಮುಖವೆತ್ತಿ ನಿಂತಿದ್ದ. ತನ್ನ ಮುಂಡಾಸನ್ನು ಬಿಚ್ಚಿ ಕೈಯಲ್ಲಿ ಹಿಡಿದಿದ್ದ.

ಸರ್ವೋತ್ತಮ ಚಂಪಾಳ ಕಿವಿಯ ಬಳಿ ಬಗ್ಗಿದ. ಅವನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಅಂಗಡಿಗೆ ಬೆಂಕಿ ಬಿದ್ದವನ ಹಾಗಿದ್ದ. "ಉಂಟು ಅಂತ ಹೇಳು ಚಂಪಾ. ನಾನೂ ಉಂಟು ಅನ್ನುತ್ತೇನೆ. ದೇವರಾಣೆ, ಊರಿನಲ್ಲೂ ಹಾಗೇ ಹೇಳುತ್ತೇನೆ. ನನ್ನ ಗಂಟೇನು ಹೋಗುತ್ತದೆ? ನಾಳೆಯಿಂದ ಕಿಟ್ಟಣ್ಣ ಬಾಯಿ ಮುಚ್ಚಿ ಕೂತರೆ ನನ್ನ ಹೋಟೆಲಿನಲ್ಲಿ ಚಾ ಯಾರ ಗಂಟಲಿಗೆ ಇಳಿಯುತ್ತದೆ?"

ಚಂಪಾಳಿಗೆ ಅಲ್ಲಿಯವರೆಗೆ ಅದು ಹೊಳೆದಿರಲಿಲ್ಲ. ಈಗ ಅದು ಕೈಗೆಟಕುವಷ್ಟು ಹತ್ತಿರವಿತ್ತು. ಒಂದು ಮಾತು. ನಗುವವನೇ ಸಾಕ್ಷಿ ನಿಲ್ಲುತ್ತೇನೆ ಅನ್ನುತ್ತಿದ್ದಾನೆ. ತಂದೆ ಕೈಚಾಚಿ ಮುಟ್ಟುತ್ತೇನೆ ಎಂದರೆ ಕಿಟಕಿಯ ಗಾಜು ಮುಟ್ಟಿಸಬಹುದು. ತಣ್ಣಗೆ ಇರುತ್ತದೆ.

"ಕರೆ ಚಂಪಾ," ಎಂದ ಕಿಟ್ಟ. "ಮುಂದೆ ಎಂತ ಉಂಟು?"

ಅವನು ಕೇಳಿದ ರೀತಿಯಲ್ಲಿ ಅನುಮಾನವಿರಲಿಲ್ಲ. ಕನ್ನಡಿಯ ಬಗ್ಗೆ ಇದ್ದೀತು. ಅವಳ ಬಗ್ಗೆ ಇರಲಿಲ್ಲ. ಈಗ ತಾನೇ ಇಡೀ ಬೆಟ್ಟವನ್ನು ಅವಳ ಬಾಯಿಯ ಮೇಲೆ ಹತ್ತಿ ಬಂದ ಮನುಷ್ಯ. ಅವಳು ಕಲ್ಲು ಬಲ ಅಂದಾಗ ಎಡಕ್ಕೆ ಕಾಲಿಟ್ಟಿದ್ದ, ಎಡಕ್ಕೆ ಏನಿದೆ ಎಂದು ತಡಕಿರಲಿಲ್ಲ. ಇಲ್ಲಿ ಇಲ್ಲದ್ದನ್ನು ಕರೆದರೆ ಇಳಿಯುವಾಗ ಆ ಕಾಲನ್ನು ಎಲ್ಲಿ ಇಡಿಸುವುದು? ಅವನಿಗೆ ತಿಳಿಯದಿರಬಹುದು. ಅವಳಿಗೆ ತಿಳಿದಿರುತ್ತದೆ.

"ಕುರ್ಚಿ," ಎಂದಳು. "ಕೊಂಬು. ಪಡುವಣಕ್ಕೆ ಕಿಟಕಿ." ತಂದೆಯ ಕಡೆ ತಿರುಗಿದಳು. "ಕನ್ನಡಿ ಇಲ್ಲ ಅಪ್ಪಾ."

ಸರ್ವೋತ್ತಮ ಕಣ್ಣು ಮುಚ್ಚಿಕೊಂಡ.

"ಹೂಂ," ಎಂದ ಕಿಟ್ಟ. ದಾರಿಯುದ್ದಕ್ಕೂ ಹೇಳಿದ ಅದೇ ಹೂಂ. ಪಣ ಆಗಲೇ ಶುರುವಾದಂತೆ ಅವನ ತುಟಿ ಮುಚ್ಚಿಕೊಂಡಿತು. ಸರ್ವೋತ್ತಮ "ಪಣ ಹೋಟೆಲಿನಲ್ಲಿ ಮಾತ್ರ ಕಿಟ್ಟಣ್ಣ, ಇಲ್ಲಿ ಮಾತಾಡಬಹುದು" ಎಂದ. ಯಾರೂ ನಗಲಿಲ್ಲ.

ಆಂಟನಿಗೆ ವಿಷಯ ಪೂರ್ತಿ ತಿಳಿಯಲಿಲ್ಲ. ಮುದುಕನ ಮುಖ ತಿಳಿಯಿತು. "ಅಜ್ಜನಿಗೆ ಆಯಾಸ. ಹಾಲಿನಲ್ಲಿ ತಿನ್ನಲಿಕ್ಕೆ ಕುಡಿಯಲಿಕ್ಕೆ ಕೊಡುವ ಹಾಗಿಲ್ಲ, ರೂಲ್ಸು. ಅಡಿಗೆ ಕೋಣೆಗೆ ಬನ್ನಿ, ಬೆಲ್ಲ ನೀರು ಕುಡಿಯದೆ ಹೋಗಬಾರದು."

ಅಡಿಗೆ ಕೋಣೆ ಹಿಂಬದಿಯಲ್ಲಿತ್ತು, ಹೊಗೆಯಿಂದ ಕಪ್ಪಾಗಿತ್ತು. ನಡುವೆ ಎರಡು ಮರದ ಪೆಟ್ಟಿಗೆಗಳ ಮೇಲೆ ಉದ್ದನೆಯ ಮೇಜು. ಅದರ ಮೇಲೆ ಈರುಳ್ಳಿ, ತೆಂಗಿನಕಾಯಿ, ಒಣಮೀನಿನ ಬುಟ್ಟಿ. ಬರ್ತಾ ಸೆರಗಿನಿಂದ ಬೆಂಚು ಒರೆಸಿ ಕಿಟ್ಟನನ್ನು ಕೂರಿಸಿದಳು. ತಟ್ಟೆಯಲ್ಲಿ ಬೆಲ್ಲದ ಉಂಡೆ ಇಟ್ಟಳು. ನೀರಿಗೆ ಹೋಗಿ ತುಂಬಿದ ಹಿತ್ತಾಳೆಯ ಕೊಡವನ್ನೇ ಸೊಂಟದ ಮೇಲೆ ತಂದಳು.

ಕಿಟ್ಟನ ಕೈ ಮೇಜಿನ ಅಂಚಿನ ಮೇಲಿತ್ತು. ಬೇಸರದಲ್ಲಿರುವ ಕೈಗಳು ಹೇಗೆ ಏನನ್ನಾದರೂ ಸವರುತ್ತವೋ ಹಾಗೆ ಅದು ಅಂಚನ್ನು ಸವರಿತು, ಅಂಚಿನ ಅಡಿಗೆ ಹೋಯಿತು. ಅಲ್ಲಿ ನಿಂತಿತು.

"ಕೊಡ ಇಡಬೇಡಿ!"

ಆ ಕೂಗಿಗೆ ಬರ್ತಾಳ ಸೊಂಟದ ಮೇಲೇ ನೀರು ತುಳುಕಿತು. "ಜೆಜು!" ಎಂದು ಏಸುವನ್ನು ಕರೆದಳು. "ಎಂತ ಆಯಿತು ಅಜ್ಜ?"

"ಇದರ ಮೇಲೆ ಕೊಡ ಇಡಬೇಡಿ ಬಾಯಮ್ಮ. ಈರುಳ್ಳಿ ತೆಗೆಯಿರಿ. ಎಲ್ಲ ತೆಗೆಯಿರಿ. ಇದು ಮೇಜಲ್ಲ." ಕಿಟ್ಟ ಎದ್ದು ನಿಂತಿದ್ದ. ಎರಡೂ ಕೈ ಮೂಲೆಯ ಅಡಿಗೆ ಹೋಗಿದ್ದವು. ಬಲಹೆಗಲಿನ ಬಟ್ಟೆ ತಾನಾಗಿ ಜಾರಿತ್ತು. "ಸರ್ವೋತ್ತಮ, ಬಗ್ಗಿ ನೋಡು. ನಾನು ಹೇಳಿದರೆ ನಂಬುವುದಿಲ್ಲ ನೀನು."

ಸರ್ವೋತ್ತಮ ಅಷ್ಟು ಬೇಗ ಬಗ್ಗಿದ್ದನ್ನು ಬಜಗೋಳಿ ಕಂಡಿರಲಿಲ್ಲ. ಮೊಣಕಾಲೂರಿ, ಕಡ್ಡಿ ಗೀರಿ, ಮೇಜಿನ ಅಡಿಗೆ ಹೊಕ್ಕ. ಸ್ವಲ್ಪ ಹೊತ್ತು ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಕಡ್ಡಿ ಬೆರಳು ಸುಟ್ಟಿರಬೇಕು. ಒಂದು ಬೈಗುಳ ಕೇಳಿಸಿತು. ಆಮೇಲೆ ಅಡಿಯಿಂದಲೇ ಹೇಳಿದ: "ಚಂಪಾ... ನೇರಳೆಹಣ್ಣು ಉಂಟು."

ಆಂಟನಿಯೂ ಬಗ್ಗಿದ. "ನೇರಳೆ ಅಲ್ಲ ಮಾರಾಯ್ರೆ, ದ್ರಾಕ್ಷಿ. ನಮ್ಮ ಇಗರ್ಜಿಯ ಆಲ್ತಾರಿನಲ್ಲಿ ಇದೇ ಥರ ಉಂಟು." ಅಡಿಯಲ್ಲಿ ಇನ್ನೊಂದು ಕಡ್ಡಿ ಹೊತ್ತಿತು. "ಮೇಲೆ ಬೆಂಕಿ, ಕೆಳಗೂ ಬೆಂಕಿ! ಬರ್ತಾ, ಇದು ಗಾಜು! ಇಷ್ಟು ವರ್ಷ ನಾವು ಕನ್ನಡಿಯ ಬೆನ್ನಿನ ಮೇಲೆ ಮೀನು ಹೆಚ್ಚಿದ್ದಾ?"

ಯಾರು, ಯಾವಾಗ ಅದನ್ನು ಮಗುಚಿ ಹಾಕಿದರೋ. ಯುದ್ಧದ ಕಾಲದಲ್ಲಿ ಬಂಗಲೆ ಮುಚ್ಚಿದ್ದಾಗ ಇರಬಹುದು ಎಂದ ಆಂಟನಿ. ತಾನು ಬಂದಾಗ ಅದು ಆಗಲೇ ಮೇಜಾಗಿತ್ತು. ದಪ್ಪ ಹಲಗೆಯ ಬೆನ್ನು ಮೇಲೆ, ಮುಖ ಕೆಳಗೆ.

"ಹಾಲಿಗೆ ಒಯ್ಯುವ," ಎಂದ ಕಿಟ್ಟ.

"ನೀವು ಕೂತಿರಿ ಕಿಟ್ಟಣ್ಣ, ನಾವು ಮೂವರು..."

"ನನ್ನ ಮೂಲೆಯನ್ನು ಯಾರೂ ಮುಟ್ಟಬೇಡಿ."

ಬರ್ತಾ ಗೋಣಿ ತಂದು ಸುತ್ತಿದಳು. ಮುಂದೆ ಎಡಕ್ಕೆ ಆಂಟನಿ, ಬಲಕ್ಕೆ ಚಂಪಾ. ಹಿಂದೆ ಎಡಕ್ಕೆ ಸರ್ವೋತ್ತಮ, ಬಲಕ್ಕೆ ಕಿಟ್ಟ. ಕಿಟ್ಟನೊಬ್ಬ ಮಾತ್ರ ಅದನ್ನು ಹೆಗಲಿಗೇರಿಸಿದ. ಉಳಿದವರು ಕೈಯಲ್ಲಿ ಹಿಡಿದು ಅವನ ಎತ್ತರಕ್ಕೆ ಎತ್ತಬೇಕಾಯಿತು.

"ಬಾಗಿಲು. ತಗ್ಗಿಸು," ಎಂದಳು ಚಂಪಾ.

"ಹೂಂ," ಎಂದ ಕಿಟ್ಟ. ಒಂದೇ ಹೂಂ ಬಂದದ್ದರಿಂದ ಚಂಪಾ ನಿಂತಳು.

"ಹೂಂ ಹೇಳು ಮಾರಾಯ!" ಎಂದು ಕಿಟ್ಟ ಗದರಿದ. "ನೀನು ಹೇಳದಿದ್ದರೆ ಅವಳು ಹೇಗೆ ಹೋಗುವುದು?"

"ಹೂಂ, ಹೂಂ! ನೂರು ಹೂಂ!" ಎಂದ ಸರ್ವೋತ್ತಮ. ಬೆವರು ಅವನ ಮೂಗಿನಿಂದ ತೊಟ್ಟಿಕ್ಕುತ್ತಿತ್ತು.

"ಮೆಟ್ಟು ಒಂದು."

"ಹೂಂ." "ಹೂಂ."

ನಡುಮನೆಯ ಕತ್ತಲೆ ದಾಟಿ ಹಾಲಿನ ಹೊಸ್ತಿಲು ಬಂತು. ಚಂಪಾ ಕರೆದಳು. ಹಿಂದೆ ತಂದೆಯ ಹೂಂ ಬರಲಿಲ್ಲ. ಅವಳು ನಿಂತಳು.

"ಅವತ್ತು ಇಲ್ಲಿಗೆ ಬರಲಿಲ್ಲ," ಎಂದ ಕಿಟ್ಟ, ಮೆಲ್ಲಗೆ. "ಹಿಂದಿನ ಮೆಟ್ಟಿಲಿನಲ್ಲಿ ಇಳಿಸಿಕೊಂಡರು. ಗಂಜಿ ಕೊಟ್ಟು ಕಳುಹಿಸಿದರು. ಹಾಲು, ಪಡುವಣ, ಸಮುದ್ರ, ಎಲ್ಲ ಬಟ್ಲರ್ ಹೇಳಿದ್ದು. ಬಿಚ್ಚಿದ ಮೇಲೆ ಕನ್ನಡಿ ಹೇಗಿತ್ತೋ ನಾನು ಕಂಡಿಲ್ಲ." ಆಮೇಲೆ ಹೆಗಲನ್ನು ಒಮ್ಮೆ ಅಲುಗಿಸಿ ಹೊರೆಯನ್ನು ಕೂರಿಸಿಕೊಂಡ. "ಹೂಂ," ಎಂದ.

ಒಳಗೆ ಹೋದರು.

ಪಡುವಣ ಕಿಟಕಿಗೆ ಎದುರಾಗಿ ಮೂಡಣ ಗೋಡೆಗೆ ಒರಗಿಸಿ ನಿಲ್ಲಿಸಿದರು. ಗೋಣಿ ತೆಗೆದಾಗ ಬರ್ತಾ ಒದ್ದೆ ಬಟ್ಟೆಯಿಂದ ಒರೆಸಿದಳು. ವರ್ಷಗಳ ಬೂಷ್ಟು ಇಳಿದು ಹೋಯಿತು. ಆಂಟನಿ ಬೆರಳಿನ ಗೆಣ್ಣಿನಿಂದ ಮೇಲಿನಿಂದ ಕೆಳಗಿನವರೆಗೆ ತಟ್ಟುತ್ತ ಬಂದ. ಎಲ್ಲ ಕಡೆಯೂ ಒಂದೇ ದನಿ.

"ಕರೆ ಚಂಪಾ."

ಚಂಪಾ ಕನ್ನಡಿಯ ಮುಂದೆ ನಿಂತಳು. "ಕನ್ನಡಿ. ಆಳೆತ್ತರ, ಅದಕ್ಕಿಂತ ಒಂದು ಗೇಣು ಹೆಚ್ಚು. ಅಂಚಿನಲ್ಲಿ ಪಾದರಸ ಹೋಗಿ ಕಂದು ಕಲೆ. ಎಡಕ್ಕೆ ಸರ್ವೋತ್ತಮಣ್ಣನ ಹೊಟ್ಟೆ."

"ಪೂರ್ತಿ ಕಾಣುತ್ತದಾ?"

"ಪೂರ್ತಿ ಹಿಡಿಸಲಿಲ್ಲ." ಸರ್ವೋತ್ತಮ ಎಲ್ಲರಿಗಿಂತ ಜೋರಾಗಿ ನಕ್ಕ. "ನಡುವೆ ನೀವು. ನೆಟ್ಟಗೆ ನಿಂತಿದ್ದೀರಿ. ಹೆಗಲಿನಲ್ಲಿ ಕೆಂಪಗೆ ಅಚ್ಚು ಬಿದ್ದಿದೆ."

"ಬಿರುಕು?"

"ಇಲ್ಲ."

"ಗೀರು?"

ಅವಳು ಹತ್ತಿರ ಹೋಗಿ, ಉಸಿರು ಹಿಡಿದು, ಉದ್ದಕ್ಕೂ ನೋಡಿದಳು. "ಇಲ್ಲ ಅಪ್ಪಾ. ಒಂದೂ ಇಲ್ಲ."

ಕಿಟ್ಟ ಮುಂಡಾಸಿನಿಂದ ಮುಖ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ. "ಸಮುದ್ರ?" ಎಂದು ಕೇಳಿದ.

ಕನ್ನಡಿಯೊಳಗೆ ಕಿಟಕಿ, ಕಿಟಕಿಯಾಚೆ ಬಾಗುವ ಹುಲ್ಲು, ಅದರಾಚೆ ಗುಡ್ಡದ ಮೇಲೆ ಗುಡ್ಡ, ಕಡೆಗೆ ಬಿಳಿಚಿದ ಬಾನು. ಸರ್ವೋತ್ತಮ ಅವಳ ಮುಖ ನೋಡಿದ. ಈ ಸಲ ಏನೂ ಪಿಸುಗುಟ್ಟಲಿಲ್ಲ.

"ಕಾಣುವುದಿಲ್ಲ. ಆ ಕಡೆ ಮಬ್ಬು ಉಂಟು," ಎಂದಳು ಚಂಪಾ. "ಸಂಜೆಗೆ ಕಂಡೀತೋ ಏನೋ. ಈಗ ಇಲ್ಲ."

ಕಿಟ್ಟ ಗಟ್ಟಿಯಾಗಿ ನಕ್ಕ. ಆ ನಗು ಯಾರ ನಗುವಿಗೂ ಕಾಯಲಿಲ್ಲ. "ಆ ಬಟ್ಲರ್ ದೊಡ್ಡ ಸುಳ್ಳ. ನನಗೆ ಆಗಲೇ ಅನುಮಾನ ಇತ್ತು." ಆಮೇಲೆ ಆಂಟನಿಯ ಕಡೆ ತಿರುಗಿದ. "ಪೊರ್ಬುಗಳೇ, ಇನ್ನು ಯಾರಾದರೂ ಇದನ್ನು ನೋಡಲಿಕ್ಕೆ ಬಂದರೆ ಹೇಳಿ. ಮೇಲೆ ತಂದದ್ದು ಚಂದು ಮತ್ತು ಕಿಟ್ಟ. ಒಳಗೆ ತಂದದ್ದು ಕಿಟ್ಟನ ಮಗಳು. ಅವಳ ಬಾಯಿಯಲ್ಲಿ ಇಲ್ಲದ್ದು ಬರುವುದಿಲ್ಲ. ನಾನು ಮೂವತ್ತು ವರ್ಷ ಹೊತ್ತಿದ್ದೇನೆ, ಅಂಥ ಮುಂದಿನವನು ಚಂದುವಿನ ನಂತರ ಇವಳೇ."

ಚಂಪಾ ಕನ್ನಡಿಯಲ್ಲಿ ತನ್ನನ್ನು ನೋಡಿಕೊಳ್ಳಬೇಕಾಯಿತು, ಬೇರೆ ಎಲ್ಲಿ ನೋಡುವುದೆಂದು ತಿಳಿಯದೆ. ಬೀಡಿ ಎಲೆಯ ಬಣ್ಣದ ಸೀರೆ ಉಟ್ಟ ಒಬ್ಬ ಹೆಂಗಸು ಅಲ್ಲಿ ತಲೆಯೆತ್ತಿ ನಿಂತಿದ್ದಳು.

ಬೆಲ್ಲ ನೀರು ಕುಡಿದರು. ಸರ್ವೋತ್ತಮನ ಅವಲಕ್ಕಿಯನ್ನು ಐವರೂ ತಿಂದರು, ರೂಲ್ಸು ಮುರಿದು, ಹಾಲಿನಲ್ಲೇ. ಮೀನು ಹೆಚ್ಚಲು ಬೇರೆ ಮೇಜು ಮಾಡಿಕೊಡುವವರೆಗೆ ತಾನು ಅಡಿಗೆ ಮಾಡುವುದಿಲ್ಲವೆಂದು ಬರ್ತಾ ಗಂಡನಿಗೆ ಅಲ್ಲೇ ಹೇಳಿದಳು.

ಬಿಸಿಲು ಇಳಿಮುಖವಾಗುವ ಮೊದಲೇ ಹೊರಟರು. ಪದವಿನ ಅಂಚಿನಲ್ಲಿ ಕಾಡುದಾರಿ ಶುರುವಾಗುವಲ್ಲಿ ಚಂಪಾ ನಿಂತು ತಂದೆಗೆ ಹೆಗಲು ಕೊಟ್ಟಳು.

"ಕಿಟ್ಟಣ್ಣ," ಎಂದ ಸರ್ವೋತ್ತಮ ಹಿಂದಿನಿಂದ, "ನಾಳೆ ಹೋಟೆಲಿನಲ್ಲಿ ಕಥೆ ನೀವೇ ಹೇಳಿ. ನಾನು ಬಾಯಿ ಹಾಕುವುದಿಲ್ಲ. ಆದರೆ ಮೇಜಿನ ಅಡಿಗೆ ಹೋದದ್ದು ನಾನು ಅಂತ ಒಂದು ಮಾತು..."

"ಹೇಳುತ್ತೇನೆ. ಹೂಂ ಹೇಳಲಿಕ್ಕೆ ಮರೆತವನು ಅಂತಲೂ ಹೇಳುತ್ತೇನೆ."

ಇಳಿತ ಶುರುವಾಯಿತು. ಈ ಸಲ ಎರಡು ಬೆರಳಲ್ಲ. ತಂದೆಯ ಇಡೀ ಕೈ, ಕೈಯ ಹಿಂದೆ ತೋಳು, ತೋಳಿನ ಹಿಂದೆ ದಿನವೆಲ್ಲ ನೆಟ್ಟಗೆ ನಿಂತಿದ್ದ ಮೈಯ ಭಾರ, ಒಂದೊಂದು ಹೆಜ್ಜೆಗೂ ಅವಳ ಹೆಗಲ ಮೇಲೆ ಬಂದು ಕೂರುತ್ತಿತ್ತು. ಅವಳು ಕಾಲು ಊರಿಕೊಂಡಳು.

"ಜಾರು," ಎಂದು ಕರೆದಳು.

ಹಿಂದಿನಿಂದ ಎರಡು ಹೂಂ ಬಂದವು.